ಅಮ್ಮನಿಗೆ ಬಾಕಿ ಉಳಿದಿದ್ದ ನೀರು

ದುರ್ಗದ ಕಚೇರಿಯ ಮೇಜಿನ ಮೇಲೆ ಅವತ್ತು ಒಂದು ಹೊಸ ಕತ್ತರಿ ಇತ್ತು. ನಮ್ಮ ಸಂಸ್ಥೆಯ ಸಂಯೋಜಕಿ ಅದನ್ನು ಪೊಟ್ಟಣದಿಂದ ಬಿಡಿಸಿ, "ನಾಳೆ ಹೋಗಿ ಕತ್ತರಿಸಿಬಿಡೋಣ. ಆಮೇಲೆ ಅಳಲಿ, ಬೈಲಿ, ನೋಡ್ಕೊಳ್ಳೋಣ" ಎಂದರು.

ಕತ್ತರಿಸಬೇಕಾಗಿದ್ದದ್ದು ಒಂದು ಹುಡುಗಿಯ ಕೂದಲನ್ನು. ಶ್ರೀರಾಂಪುರ ಹೋಬಳಿಯ ಒಂದು ಹಳ್ಳಿ, ಊರ ಹೊರಗಿನ ಕೇರಿ, ಎರಡನೇ ತರಗತಿಯ ಹುಡುಗಿ. ಅವಳ ಕೂದಲು ಹಗ್ಗದಂತೆ ಹೊಸೆದುಕೊಂಡು, ಬಾಚಣಿಗೆ ಇಳಿಯದ ಹಾಗೆ ಗಟ್ಟಿಯಾಗಿತ್ತು. ಇದು ಅಮ್ಮ ಬಂದು ಕೂತ ಗುರುತು, ಹುಡುಗಿಯನ್ನು ದೇವರಿಗೆ ಬಿಡಬೇಕು, ಬರುವ ಹುಣ್ಣಿಮೆಗೆ ಮುತ್ತು ಕಟ್ಟಬೇಕು ಎಂದು ಕೇರಿಯಲ್ಲಿ ತೀರ್ಮಾನವಾಗಿತ್ತು. ಮುತ್ತು ಕಟ್ಟಿಸಿಕೊಂಡವಳಿಗೆ ಮುಂದೆ ಶಾಲೆಯಿಲ್ಲ, ಮದುವೆಯಿಲ್ಲ. ಊರೂರು ತಿರುಗಿ ಬೇಡಿ ಉಣ್ಣಬೇಕು, ಕಂಡವರ ಮರ್ಜಿಯಲ್ಲಿ ಬದುಕಬೇಕು. ಕಾನೂನು ಇದನ್ನು ಎಂದೋ ನಿಷೇಧಿಸಿದೆ. ಆದರೂ ಎಲ್ಲೋ ಒಂದು ಮೂಲೆಯಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ.

ಸಂಯೋಜಕಿ ಒಮ್ಮೆ ಆಗಲೇ ಹೋಗಿ ಬಂದಿದ್ದರು. ಕೇರಿಯ ಹೆಂಗಸರು ಹುಡುಗಿಯನ್ನು ಒಳಗೆ ಹಾಕಿ ಬಾಗಿಲಿಗೆ ಅಡ್ಡ ಕೂತಿದ್ದರಂತೆ. ಆಕೆ ದುರ್ಗದ ಪೇಟೆಯ ಹಳೆಯ ಸಾಬರ ಮನೆತನದ ಹೆಣ್ಣುಮಗಳು. ಓದಿದವರು, ಕೆಲಸದಲ್ಲಿ ಚುರುಕು, ತಡವಾಯಿತೆಂದರೆ ಕೂತಲ್ಲಿ ಕೂರಲಾರರು.

"ಕತ್ತರಿ ಬೇಡ" ಎಂದೆ.

"ಮತ್ತೇನು ಆಂಟಿ? ಜಲ್ದಿ ಹೇಳ್ರಿ. ಹುಣ್ಣಿಮೆ ನಮಗೋಸ್ಕರ ಕಾಯಲ್ಲ."

"ಕತ್ತರಿ ಒಯ್ದರೆ ರಾತ್ರೋರಾತ್ರಿ ಹುಡುಗಿನ ಆಂಧ್ರದ ಕಡೆ ನೆಂಟರ ಮನೆಗೆ ಸಾಗಿಸ್ತಾರೆ. ಆಮೇಲೆ ನಿಮಗೆ ಆಕೆ ನೆರಳೂ ಸಿಗಲ್ಲ."

ಅವರು ಕತ್ತರಿಯನ್ನು ಡ್ರಾಯರಿಗೆ ಹಾಕಿ ನನ್ನ ಮುಖ ನೋಡಿದರು. ನನ್ನ ಬಳಿ ಬೇರೆ ಉಪಾಯವೇನೂ ಇರಲಿಲ್ಲ. ಒಂದು ಶನಿವಾರದ ಅವಕಾಶ ಕೊಡಿ ಎಂದಷ್ಟೇ ಕೇಳಿದೆ.

ನಾನು ಹೊಸದುರ್ಗದ ಗೃಹಿಣಿ. ನಾಲ್ಕು ತಾಲ್ಲೂಕುಗಳಲ್ಲಿ ಈ ಸಂಸ್ಥೆ ಬಡವರ ಮಕ್ಕಳಿಗಾಗಿ ಕೇಂದ್ರಗಳನ್ನು ನಡೆಸುತ್ತದೆ. ಊಟ, ಓದು, ಕೇರಿಯ ಮಕ್ಕಳೂ ಊರ ಮಕ್ಕಳೂ ಒಂದೇ ಸಾಲಿನಲ್ಲಿ ಕೂರುವ ಅಭ್ಯಾಸ. ಅಲ್ಲಿ ಶನಿವಾರಗಳಂದು ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಹೇನು ತೆಗೆದು, ಬಾಚಿ ಕಟ್ಟುವುದು ನನ್ನ ಸೇವೆ. ಸಣ್ಣ ಕೆಲಸವೆಂದು ನಗಬೇಡಿ. ತಾಯಿ ಕೂಲಿಗೆ ದೂರ ಹೋದ ಮನೆಯ ಮಗುವಿನ ಬಡತನ ಮೊದಲು ತಲೆಯಲ್ಲೇ ಕಾಣುತ್ತದೆ. ಶಾಲೆಯಲ್ಲಿ ಪಕ್ಕದವರು ಮೊದಲು ಸರಿದು ಕೂರುವುದೂ ಅದಕ್ಕೇ.

ಶನಿವಾರ ದೇವರಿಗೆ ದೀಪ ಹಚ್ಚಿ, ಹಾಲುರಾಮೇಶ್ವರನ ಕಡೆ ಮುಖ ಮಾಡಿ ಕೈಮುಗಿದು ಹೊರಟೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅದನ್ನು ಅವತ್ತಿನ ಮೊದಲ ಕೃಪೆ ಎಂದು ಎಣಿಸಿಕೊಂಡೆ.

ಹುಡುಗಿಯ ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ನನ್ನ ಚೀಲ ನೋಡಿ, "ಕತ್ತರಿ ತಂದೀಯೇನವ್ವ?" ಎಂದಳು.

"ಎಣ್ಣೆ ಅದೆ, ಹಣಿಗೆ ಅದೆ, ಎಲೆ ಅಡಿಕೆ ಅದೆ. ಬೇಕಾದ್ರೆ ಬಿಚ್ಚಿ ನೋಡು."

ಅವಳು ನಿಜವಾಗಿಯೂ ಚೀಲ ಬಿಚ್ಚಿ ತಳದವರೆಗೆ ಕೈಯಾಡಿಸಿದಳು. ಎಲೆ ಅಡಿಕೆ ಮಾತ್ರ ತಾನು ಇಟ್ಟುಕೊಂಡು, "ಕುಂತ್ಕಳ್ರಿ" ಎಂದಳು.

ಹುಡುಗಿ ಒಳಗಿನಿಂದ ಬಂದು ಕಂಬ ಹಿಡಿದು ನಿಂತಳು. ಮೂರು ಹಗ್ಗಗಳಂತೆ ಇಳಿಬಿದ್ದ ಕೂದಲು, ಕತ್ತಿನ ಮೇಲೆ ಮಣ್ಣಿನ ಹೆಂಟೆಯಂಥ ಗಡ್ಡೆ. ಭಾರಕ್ಕೆ ಕತ್ತು ಒಂದು ಕಡೆ ವಾಲಿತ್ತು. ಹಣೆಯ ಮೇಲೆ, ಕೆನ್ನೆಯ ಮೇಲೆ ಸಣ್ಣ ಸಣ್ಣ ಕುಳಿಗಳು. ಆ ಕಲೆಯನ್ನು ಯಾವ ತಾಯಿಯಾದರೂ ಗುರುತಿಸುತ್ತಾಳೆ.

"ಈಕಿಗೆ ಅಮ್ಮ ಆಗಿತ್ತೇನು?"

"ಆಗಿತ್ತವ್ವ. ಮೈತುಂಬ. ಬೇಸಿಗ್ಯಾಗೆ."

ನಮ್ಮ ಕಡೆ ಸಿಡುಬಿನಂಥ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತೇವೆ. ಅಮ್ಮ ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಇಲ್ಲ. ಬಾಗಿಲಿಗೆ ಬೇವಿನ ಸೊಪ್ಪು. ಮಗುವಿನ ತಲೆಗೆ ಎಣ್ಣೆ ಸೋಕಿಸುವಂತಿಲ್ಲ, ಬಾಚಣಿಗೆ ಮುಟ್ಟಿಸುವಂತಿಲ್ಲ. ಗುಳ್ಳೆ ಉದುರಿದ ಮೇಲೆ ಬೇವು ಅರಿಸಿನದ ನೀರು ಹಾಕಿ, ತಲೆಗೆ ಎಣ್ಣೆ ಹಚ್ಚಿ, ಮೊಸರನ್ನ ಎಡೆಯಿಟ್ಟು, ಊರ ಗಡಿ ದಾಟಿಸಿ ಅಮ್ಮನನ್ನು ಕಳಿಸಿಕೊಡಬೇಕು. ಕಳಿಸುವ ಕೆಲಸ ಹೆತ್ತವಳದು. ನನ್ನ ಮಗನಿಗೆ ಬಂದಾಗ ನಾನೇ ಮಾಡಿದ್ದೇನೆ.

"ನೀರು ಯಾರು ಹಾಕಿದ್ರು?" ಎಂದು ಕೇಳಿದೆ.

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದ ಬೆರಳು ನಿಲ್ಲಿಸಿದಳು. "ಈಕಿ ಅವ್ವ ಹಿರಿಯೂರು ಕಡೆ ಈರುಳ್ಳಿ ಕೀಳಾಕೆ ಹೋಗಿದ್ಲು. ಮೇಸ್ತ್ರಿ ಬಿಡಲಿಲ್ಲ. ಬರ್ತೀನಿ ಬರ್ತೀನಿ ಅಂದ್ಲು, ಬರಲಿಲ್ಲ. ಹಂಗೇ ದಿನ ಹೋದ್ವು."

"ಹಂಗಾದ್ರೆ ಹಾಕಲಿಲ್ಲ."

"ಹಾಕಲಿಲ್ಲ ಕಣವ್ವ."

ಅಜ್ಜಿಯ ಮೊಬೈಲಿನಿಂದಲೇ ತಾಯಿಗೆ ಫೋನ್ ಮಾಡಿಸಿದೆ. ಹೊಲದ ಗಾಳಿಯ ಸದ್ದಿನ ನಡುವೆ ಅವಳು ಇದ್ದದ್ದನ್ನೇ ಹೇಳಿದಳು. "ನನ್ನ ಕೂಸಿಗೆ ನಾನು ನೀರು ಹಾಕಾಕಾಗ್ಲಿಲ್ಲ ಅಕ್ಕ. ಅದಕ್ಕೇ ಅಮ್ಮ ಸಿಟ್ಟಾಗಿ ಅಲ್ಲೇ ಕುಂತಾಳೆ ಅಂತಾರೆ" ಎಂದು ಅತ್ತಳು.

ನನಗೆ ದಾರಿ ಕಂಡದ್ದು ಆಗ. ಎಣ್ಣೆಯಿಲ್ಲದೆ, ಬಾಚದೆ, ಜ್ವರದ ಬೆವರಿನಲ್ಲಿ ಹೊರಳಾಡಿದ ಮಗುವಿನ ಕೂದಲು ಗಂಟಾಗದೆ ಇನ್ನೇನಾಗುತ್ತದೆ? ಸಂಯೋಜಕಿ ಇದನ್ನು ಬರೀ ಕೊಳೆ ಎಂದರು, ಕೇರಿ ಇದನ್ನು ದೇವರೆಂದಿತು. ನನಗೆ ಕಂಡದ್ದು ಅರ್ಧಕ್ಕೆ ನಿಂತ ಒಂದು ಕೆಲಸ. ಬಂದ ಅತಿಥಿಗೆ ನೀರು ಕೊಟ್ಟು ಬೀಳ್ಕೊಟ್ಟಿಲ್ಲ. ಕೂರದೆ ಅಮ್ಮ ತಾನೆ ಏನು ಮಾಡಿಯಾಳು?

"ಅಜ್ಜಿ, ನಾವು ಅಮ್ಮನ್ನ ಕತ್ತರಿಸಿ ಓಡಿಸೋದು ಬ್ಯಾಡ. ಮರ್ಯಾದಿಯಿಂದ ಕಳಿಸಾಣ. ಅವತ್ತು ಬಾಕಿ ಉಳಿದ ನೀರು ಈಗ ಹಾಕಾಣ. ಎಣ್ಣೆ ಹಚ್ಚಿ ಒಂದೊಂದು ಎಳೆ ಬಿಡಿಸ್ತೀನಿ. ಗಂಟು ಬಿಟ್ಟರೆ ಅಮ್ಮ ಹೊರಟಳು ಅಂತ ತಾನೆ?"

ಉತ್ತರ ಬಂದದ್ದು ಅಂಗಳದ ಆಚೆಯಿಂದ. ಅಲ್ಲಿ ಒಬ್ಬ ಮುದುಕಿ ಗೋಡೆಗೊರಗಿ ಕೂತಿದ್ದಳು. ಹಣೆತುಂಬ ಭಂಡಾರ, ಕತ್ತಿನಲ್ಲಿ ಮುತ್ತು, ತಲೆಯ ಮೇಲೆ ಸಿಂಬೆಯಂತೆ ಸುತ್ತಿದ ಅವಳದೇ ಗಂಟುಗೂದಲು. ಹುಡುಗಿಗೆ ಮುತ್ತು ಕಟ್ಟಲು ಬಂದಿದ್ದ ಜೋಗಮ್ಮ ಇವಳೇ.

"ಬಿಡಿಸು ನೋಡಾಣ" ಎಂದಳು. "ಕತ್ತರಿ ಮುಟ್ಟಿಸ್ಬಾರ್ದು. ಬೇಕಂತ ಒಂದೆಳೆ ಕೊಯ್ಯಬಾರ್ದು. ಹುಣ್ಣಿಮೆ ದಿನ ಬಂದು ನಾನೇ ಕೈಯಾಡಿಸ್ತೀನಿ. ಗಂಟು ಸಿಕ್ಕಿತೋ, ಅಮ್ಮ ಅದಾಳೆ. ಸಿಗಲಿಲ್ವೋ, ಹೋದ್ಲು."

"ಆಗಲಿ" ಎಂದೆ.

ಸಂಯೋಜಕಿ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. "ನಾವೇ ಮೂಢನಂಬಿಕೆಗೆ ಗೊಬ್ಬರ ಹಾಕಿದ ಹಾಗಾಗಲ್ವಾ?" ಎಂದರು. ನನಗೆ ಅಮ್ಮ ಮೂಢನಂಬಿಕೆಯಲ್ಲ, ಆದರೆ ಅಮ್ಮನ ಹೆಸರಲ್ಲಿ ಮಗುವನ್ನು ಬಿಡುವುದು ಪಾಪ, ಎರಡೂ ಬೇರೆ ಬೇರೆ ಎಂದೆ. ಅವರು, "ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಿಯೇ ಇಡ್ತೀನಿ. ಹುಣ್ಣಿಮೆ ದಿನ ಹೆಚ್ಚುಕಡಿಮೆ ಆದ್ರೆ ನಾನು ಕಾಯಲ್ಲ" ಎಂದರು. ನ್ಯಾಯವಾದ ಮಾತು. ಜೊತೆಗೆ ಗಂಟಿನ ಕೆಳಗೆ ಹುಡುಗಿಯ ನೆತ್ತಿಯಲ್ಲಿ ಆಗಿದ್ದ ಹುಣ್ಣಿಗೆ ಡಾಕ್ಟರನ್ನು ಕೇಳಿ ಮುಲಾಮು ಬರೆಸಿ ತಂದುಕೊಟ್ಟರು.

ಅಂದಿನಿಂದ ದಿನವೂ ಬೆಳಿಗ್ಗೆ ಅಡಿಗೆ ಮುಗಿಸಿ ಬಸ್ಸು ಹಿಡಿಯತೊಡಗಿದೆ. ನಮ್ಮ ಯಜಮಾನರು, "ನಿನ್ನ ತಲೆ ಬಾಚ್ಕೊಳ್ಳೋಕೆ ಪುರುಸೊತ್ತಿಲ್ಲ, ಊರೋರ ತಲೆ ಹಿಡ್ಕಂಡೀಯ" ಎಂದರು. ಆದರೂ ಮಧ್ಯಾಹ್ನದ ಅನ್ನ ತಾವೇ ಬಡಿಸಿಕೊಂಡು ತಟ್ಟೆ ತೊಳೆದಿಟ್ಟರು. ಅದನ್ನೂ ಕೃಪೆಯೆಂದು ಎಣಿಸಿಕೊಂಡೆ.

ಕೆಲಸದ ಬಗೆ ಹೀಗಿತ್ತು. ಕೊಬ್ಬರಿ ಎಣ್ಣೆಗೆ ಅಷ್ಟೇ ಹರಳೆಣ್ಣೆ ಬೆರೆಸಿ ಬೆಚ್ಚಗೆ ಮಾಡಿ, ಗಂಟಿನೊಳಗೆ ಇಳಿಯುವ ಹಾಗೆ ಬೆರಳಲ್ಲಿ ಒತ್ತುವುದು. ಹತ್ತಿಯ ಬಟ್ಟೆ ಸುತ್ತಿ ರಾತ್ರಿಯೆಲ್ಲ ನೆನೆಯಲು ಬಿಡುವುದು. ಮರುದಿನ ತುದಿಯಿಂದ ಶುರು ಮಾಡಿ ಬುಡದ ಕಡೆ ಹೋಗುವುದು. ಬುಡದಿಂದ ಎಳೆದರೆ ಗಂಟು ಇನ್ನೂ ಬಿಗಿಯಾಗುತ್ತದೆ, ಮಗುವಿಗೂ ನೋವು. ಮೊದಲ ದಿನ ಗೋಣಿ ಹೊಲಿಯುವ ದಬ್ಬಳ ತಂದಿದ್ದೆ. ಅದರ ಮೊನೆ ನೆತ್ತಿಗೆ ತಾಗಿ ಹುಡುಗಿ ಚೀರಿದಳು. ಮರುದಿನ ನಾನು ಬಾಗಿಲ ತೋರಣ ಹೆಣೆಯುವ ಕ್ರೋಶಾ ಕಡ್ಡಿ ತಂದೆ. ಅದರ ತುದಿಯ ಕೊಕ್ಕೆ ಮೊಂಡು, ಒಂದೇ ಎಳೆಯನ್ನು ಮೆಲ್ಲಗೆ ಹೊರಗೆ ಎತ್ತುತ್ತದೆ. ಗಂಟುಬಿದ್ದ ಉಲ್ಲನ್ನು ಬಿಡಿಸಿದವರಿಗೆ ಈ ಕೆಲಸ ಹೊಸದಲ್ಲ, ತಾಳ್ಮೆ ಮಾತ್ರ ಹೆಚ್ಚು ಬೇಕು. ತಾನಾಗಿ ಉದುರಿದ ಕೂದಲನ್ನು ಅಜ್ಜಿ ಅರಿಸಿನದ ಬಟ್ಟೆಯಲ್ಲಿ ಎತ್ತಿಟ್ಟಳು. ಒಂದೆಳೆಯೂ ಚರಂಡಿಗೆ ಬೀಳಬಾರದೆಂದು ನನ್ನ ಸೀರೆಯ ನೆರಿಗೆಯನ್ನೂ ಒದರಿಸುತ್ತಿದ್ದಳು.

ಹುಡುಗಿ ಮೊದಮೊದಲು ಮಾತಾಡಲಿಲ್ಲ. ಆಮೇಲೆ ಬಾಯಿ ನಿಲ್ಲಲಿಲ್ಲ.

"ಅಮ್ಮ ನನ್ನ ತಲ್ಯಾಗೆ ಏನು ತಿಂತಾಳೆ?"

"ನಿನ್ನ ಮಾತು ತಿಂತಾಳೆ. ಸುಮ್ಮನೆ ಕುಂತ್ಕೊ."

"ನನ್ನ ಮಗ್ಗಿ ತಿಂದವ್ಳೆ. ಏಳರ ಮಗ್ಗಿ ಮರೆತೈತೆ."

ಏಳರ ಮಗ್ಗಿಯನ್ನು ಇಬ್ಬರೂ ಸೇರಿ ಹೇಳುತ್ತ ಮೊದಲನೆಯ ಹಗ್ಗವನ್ನು ಬಿಡಿಸಿದೆವು. ಬಿಟ್ಟ ಕೂದಲು ಅವಳ ಮುಂಗೈಯ ಮೇಲೆ ಬಿದ್ದಾಗ ಅವಳು ಅದನ್ನು ಮೂಗಿಗೆ ಹಿಡಿದು ಮೂಸಿ ನೋಡಿ, "ನಂದೇನಾ?" ಎಂದಳು.

ಆ ಸಂತೋಷಕ್ಕೆ ತೊಳೆಯುವ ಆತುರ ಮಾಡಿದೆ. ಕೇರಿಯ ಬೋರಿನ ನೀರು ಕಾಯಿಸಿ, ಸಾಬೂನು ಹಾಕಿ ತಿಕ್ಕಿದೆ. ನಮ್ಮ ಸೀಮೆಯ ಬೋರಿನ ನೀರು ಎಂಥದೆಂದು ಇಷ್ಟು ವರ್ಷ ಪಾತ್ರೆ ತೊಳೆದ ನನಗೆ ನೆನಪಾಗಬೇಕಿತ್ತು. ಆ ಗಡಸು ನೀರಿನಲ್ಲಿ ನೊರೆ ಬರಲಿಲ್ಲ. ಎಣ್ಣೆಯೂ ಸಾಬೂನೂ ಸೇರಿ ಹಾಲು ಒಡೆದ ಹಾಗೆ ಬಿಳಿ ಗಸಿಯಾಗಿ ಕೂದಲಿಗೆ ಮೆತ್ತಿಕೊಂಡಿತು. ಒಣಗಿದ ಮೇಲೆ ನೋಡಿದರೆ ಬಿಡಿಸಿದ ಹಗ್ಗ ಮತ್ತೆ ಹಗ್ಗವೇ, ಮೊದಲಿಗಿಂತ ಒರಟು.

ಅಜ್ಜಿ ಎದ್ದು ನಿಂತಳು. "ನೋಡ್ದೆಯಾ? ಅಮ್ಮ ಒಲ್ಲೆ ಅಂತಾಳೆ. ಸಾಕು ಮಾಡವ್ವ."

"ಅಮ್ಮ ಒಲ್ಲೆ ಅಂದಿಲ್ಲ. ಈ ನೀರು ಒಲ್ಲೆ ಅಂದಾಳೆ. ನಿನಗಾದ್ರೂ ಈ ನೀರಾಗೆ ಬೇಳೆ ಬೇಯ್ತದಾ?"

"ಬೇಯಲ್ಲ" ಎಂದು ಅವಳು ಗೊಣಗಿದಳು.

ಸಿಹಿನೀರು ಬೇಕಾಗಿತ್ತು. ಊರಿನಲ್ಲಿ ಸಿಹಿನೀರಿರುವುದು ಒಂದೇ ಕಡೆ, ಮೇಲಿನ ಬೀದಿಯ ಅಂಗಡಿ ಮನೆಯ ಹಿತ್ತಲ ಬಾವಿಯಲ್ಲಿ. ಆ ಬಾವಿಗೆ ಕೇರಿಯವರ ಕೊಡ ಇಳಿದದ್ದು ಯಾರಿಗೂ ನೆನಪಿಲ್ಲ. ನಾನೇ ಹೋಗಿ ಬಾಗಿಲು ತಟ್ಟಿದೆ. ಅಂಗಡಿಯ ಯಜಮಾನಿ ನನಗೆ ಪರಿಚಯದವರೇ. ನನ್ನಂತೆ ಸೋಮವಾರ ಒಪ್ಪತ್ತು ಮಾಡುವವರು.

"ನೀರಿಗೇನು ಬಡತನ, ತಗಂಡೋಗ್ರಿ" ಎಂದರು. "ಯಾರಿಗೆ?"

"ಕೇರಿ ಹುಡುಗಿ ತಲೆಗೆ."

ಹಗ್ಗ ಹಿಡಿದ ಅವರ ಕೈ ನಿಂತಿತು. "ಒಯ್ಯಿರಿ, ಬ್ಯಾಡ ಅನ್ನಲ್ಲ. ಆದ್ರೆ ಆ ಮನಿಗೆ ಹೋದ ಕೊಡ ತಿರುಗಿ ನಮ್ಮ ಬಾವಿಗೆ ಇಳಿಬಾರ್ದು ನೋಡ್ರಿ."

ಬಸ್ಸಿನಲ್ಲಿ ದಿನವೂ ಯೋಚಿಸುತ್ತಿದ್ದ ಮಾತು ಅಲ್ಲಿ ಹೊರಗೆ ಬಂತು. ನಮ್ಮ ಬೀದಿಯ ಹುಡುಗಿಯ ಕೂದಲು ಗಂಟಾದರೆ ತಾಯಿ ಬೈದು ಎಣ್ಣೆ ಹಚ್ಚುತ್ತಾಳೆ. ಕೇರಿಯ ಹುಡುಗಿಯದು ಗಂಟಾದರೆ ಊರೆಲ್ಲ ಕೈಮುಗಿಯುತ್ತದೆ, ಮುಗಿದು ಅವಳನ್ನು ಶಾಲೆಯಿಂದ ಬಿಡಿಸುತ್ತದೆ. ದೇವರು ಹೀಗೆ ಕೇರಿ ನೋಡಿ ಬರುತ್ತಾಳೆಂದು ನಂಬಿದರೆ ಅದು ದೇವರಿಗೇ ಅವಮಾನ.

"ಹೋದ ತಿಂಗಳು ಆ ಹುಡುಗಿ ಅಂಗಡಿ ಮುಂದೆ ಹೋದಾಗ ನೀವು ಕಾಲಿಗೆ ಬಿದ್ರಂತೆ, ಹೌದೋ ಅಲ್ಲೋ?"

"ಅಮ್ಮ ಬಂದಾಳೆ ಅಂದ್ರೆ ಬೀಳಬೇಕಪ್ಪ."

"ಮೈಮೇಲೆ ಅಮ್ಮ ಇದ್ರೆ ಆ ಕೊಡ ಅಮ್ಮಂದು, ನಿಮ್ಮ ಬಾವಿಗೆ ಹೆಂಗೆ ಮೈಲಿಗೆ ಆಗ್ತದೆ? ಅಮ್ಮ ಇಲ್ಲ ಅಂತೀರೋ, ಆ ಕೂಸನ್ನ ಯಾಕೆ ದೇವ್ರಿಗೆ ಬಿಡಬೇಕು? ಎರಡರಾಗೆ ಒಂದು ಹೇಳ್ರಿ. ನಾನು ಕುಂತಿರ್ತೀನಿ."

ನಿಜವಾಗಿಯೂ ಬಾವಿಕಟ್ಟೆಯ ಮೇಲೆ ಕೂತೆ. ಅವರು ಹಿತ್ತಲಲ್ಲಿ ಅತ್ತಿಂದಿತ್ತ ಓಡಾಡಿದರು, ಒಣಹಾಕಿದ್ದ ಬಟ್ಟೆ ತೆಗೆದರು, ಮತ್ತೆ ಹಾಕಿದರು.

"ಬಾಯಿ ಬಾಳ ಜೋರೈತೆ ಕಣ್ರಿ ನಿಮ್ದು."

"ಹೌದ್ರಿ. ನಮ್ಮ ಮನ್ಯಾಗೂ ಅದನ್ನೇ ಅಂತಾರೆ."

ಅವರಿಗೆ ನಗು ಬಂತು. ನಗು ತಡೆದುಕೊಂಡು, ನನ್ನ ಕಡೆ ನೋಡದೆ ಹೇಳಿದರು: "ಆ ಅಜ್ಜಿಗೇ ಬಂದು ಸೇದ್ಕಳಾಕೆ ಹೇಳ್ರಿ. ನನಗೆ ಸೊಂಟ ನೋವು, ದಿನಾ ಸೇದಿ ಕೊಡಾಕಾಗಲ್ಲ."

ಅವರ ಸೊಂಟ ಗಟ್ಟಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಅಜ್ಜಿ ಹೊಳೆಯುವ ಹಾಗೆ ಬೆಳಗಿದ ಕೊಡ ಹಿಡಿದು ಆ ಹಿತ್ತಲಿಗೆ ಬಂದಳು. ಹಗ್ಗ ಕಟ್ಟಿ ಕೊಡ ಇಳಿಬಿಟ್ಟಳು. ಕೊಡ ನೀರಿಗೆ ಬಿದ್ದ ಸದ್ದಿಗೆ ಅಕ್ಕಪಕ್ಕದ ಹಿತ್ತಲುಗಳಿಂದ ಮುಖಗಳು ಎದ್ದವು. ಅಂಗಡಿಯ ಯಜಮಾನಿ ಅವರತ್ತ ತಿರುಗಿ, "ಏನು ನೋಡ್ತೀರಿ? ಅಮ್ಮನ ಜಳಕದ ನೀರು" ಎಂದು ಗದರಿದರು. ಮುಖಗಳು ಇಳಿದವು.

ಸಿಹಿನೀರಿನಲ್ಲಿ ಸಾಬೂನು ನೊರೆಯಾಯಿತು. ಮೆತ್ತಿದ ಗಸಿ ಕರಗಿತು. ಮೊದಲ ಹಗ್ಗವನ್ನು ಎರಡನೇ ಸಲ ಬಿಡಿಸಿದೆ. ಈ ಸಲ ಅದು ಮತ್ತೆ ಗಂಟಾಗಲಿಲ್ಲ. ಎರಡನೆಯದು, ಮೂರನೆಯದು ಬಿಟ್ಟವು. ಕತ್ತಿನ ಮೇಲಿನ ಗಡ್ಡೆ ಮಾತ್ರ ಹಟ ಹಿಡಿಯಿತು. ನಿತ್ಯ ಒಂದು ಬೆರಳಿನಷ್ಟು ಬಿಡುತ್ತಿತ್ತು. ನನ್ನ ತೋರುಬೆರಳು ಬಾತು, ಮನೆಯಲ್ಲಿ ರೊಟ್ಟಿ ತಟ್ಟುವುದು ಕಷ್ಟವಾಯಿತು. ಹುಡುಗಿಯ ನೆತ್ತಿಯ ಹುಣ್ಣು ಮಾಯುತ್ತ ಬಂತು, ವಾಲಿದ್ದ ಕತ್ತು ನೆಟ್ಟಗಾಯಿತು. ಅವಳು ಹನ್ನೆರಡರ ಮಗ್ಗಿಗೆ ಬಂದಿದ್ದಳು.

ಹುಣ್ಣಿಮೆಯ ಹಿಂದಿನ ಸಂಜೆ ಎಡಗಿವಿಯ ಹಿಂದೆ ಹುಣಸೆಬೀಜದಷ್ಟು ಒಂದು ಗಂಟು ಉಳಿದುಬಿಟ್ಟಿತು. ಎಣ್ಣೆಗೂ ಜಗ್ಗಲಿಲ್ಲ, ಕಡ್ಡಿಗೂ ಜಗ್ಗಲಿಲ್ಲ. ಬೆಳಕು ಹೋಯಿತು, ಕೊನೆಯ ಬಸ್ಸೂ ಬಂತು. ಅದನ್ನು ಹಾಗೇ ಬಿಟ್ಟು ಎದ್ದೆ. ಕೊಯ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಾತು ಕೊಟ್ಟಿದ್ದು ಜೋಗಮ್ಮನಿಗಷ್ಟೇ ಅಲ್ಲವಲ್ಲ, ಅಮ್ಮನಿಗೂ.

ಹುಣ್ಣಿಮೆಯ ಬೆಳಿಗ್ಗೆ ಹುಡುಗಿಯ ತಾಯಿ ಹಿರಿಯೂರಿನಿಂದ ಬಂದಿಳಿದಳು. ಈ ಸಲ ಮೇಸ್ತ್ರಿಯನ್ನು ಕೇಳಲಿಲ್ಲವಂತೆ, ಹೇಳಿ ಬಂದಳಂತೆ. ಬೇವು, ಅರಿಸಿನ, ಸಿಹಿನೀರು. ಮಗಳ ತಲೆಯ ಮೇಲೆ ತಾನೇ ಕೈಯಾರೆ ನೀರು ಹಾಕಿದಳು. ಮೊಸರನ್ನದ ಎಡೆಯನ್ನೂ ಉದುರಿದ ಕೂದಲು ಕಟ್ಟಿಟ್ಟಿದ್ದ ಅರಿಸಿನದ ಬಟ್ಟೆಯ ಗಂಟನ್ನೂ ಊರ ಗಡಿಯ ಕಲ್ಲಿನಾಚೆ ಇಟ್ಟು, ಹಿಂದಿರುಗಿ ನೋಡದೆ ಬಂದೆವು. ಸಂಯೋಜಕಿ ಕೇರಿಗೆ ಹೊಗುವ ದಾರಿಯಲ್ಲಿ ಜೀಪು ನಿಲ್ಲಿಸಿಕೊಂಡು, ಫೋನು ಕೈಯಲ್ಲಿ ಹಿಡಿದು ನಿಂತಿದ್ದರು.

ಜೋಗಮ್ಮ ಬಂದಳು. ಮಡಿಲಿನಲ್ಲಿ ಮುತ್ತಿನ ಪೊಟ್ಟಣ ಇತ್ತು. ಹುಡುಗಿಯನ್ನು ಮುಂದೆ ಕೂರಿಸಿಕೊಂಡು, ಹಣೆಯಿಂದ ಹಿಂದಕ್ಕೆ, ನೆತ್ತಿಯಿಂದ ಕೆಳಕ್ಕೆ ನಿಧಾನ ಬೆರಳಾಡಿಸಿದಳು. ಇನ್ನೂ ಒದ್ದೆಯಿದ್ದ ಕೂದಲು ಬೆರಳ ಸಂದಿಯಿಂದ ಜಾರಿ ಜಾರಿ ಬೀಳುತ್ತಿತ್ತು. ಎಡಗಿವಿಯ ಹಿಂದೆ ಅವಳ ಬೆರಳು ನಿಂತಿತು.

"ಇದೇನಿದು?"

ಸಂಯೋಜಕಿ ಎರಡು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಅಜ್ಜಿ ಬಾಗಿಲಿಂದ ಎದ್ದು ಬಂದಳು.

"ಅದು ಅಮ್ಮ ಅಲ್ಲ ಕಣವ್ವ. ಅಮ್ಮಗೆ ನೀರು ಹಾಕಿ, ಮೊಸರನ್ನ ಉಣ್ಣಿಸಿ, ಗಡಿ ದಾಟಿಸಿ ಬಂದ್ವಿ. ಹೆತ್ತಾಕಿ ಕೈಯಾಗೇ ಆಯ್ತು. ಅದು ಬರೀ ಗಂಟು. ಬಾಚಿದ್ರೆ ಬಿಡ್ತೈತೆ."

ಕತ್ತರಿಗೆ ಹೆದರಿ ನನ್ನ ಚೀಲದ ತಳ ತಡಕಿದ್ದ ಅಜ್ಜಿಯ ಬಾಯಿಂದ ಈ ಮಾತು!

ಜೋಗಮ್ಮ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನನ್ನ ಕಡೆ ಕೈಚಾಚಿ, "ಕೊಡು ಆ ಕಡ್ಡಿ" ಎಂದಳು.

ಕ್ರೋಶಾ ಕಡ್ಡಿ ಕೊಟ್ಟೆ. ಅವಳ ಕಣ್ಣು ಮಂಜು, ಬೆರಳು ಮಾತ್ರ ನನಗಿಂತ ಚುರುಕು. ಕೊಕ್ಕೆಯನ್ನು ಗಂಟಿನೊಳಗೆ ತೂರಿಸಿ ಎಳೆಎಳೆಯಾಗಿ ಎತ್ತಿದಳು. ಹುಡುಗಿ ಕಣ್ಣುಮುಚ್ಚಿ ಮಗ್ಗಿ ಹೇಳುತ್ತಿದ್ದಳು. ಮಗ್ಗಿ ಮುಗಿಯುವ ಮೊದಲೇ ಗಂಟು ಬಿಟ್ಟಿತು.

"ಎಷ್ಟನೇ ಕ್ಲಾಸು ಲೇ?" ಎಂದಳು ಜೋಗಮ್ಮ.

"ಎರಡು."

"ಮಗ್ಗಿ ಚೆನ್ನಾಗಿ ಹೇಳ್ತೀಯ. ಹೋಗು, ಉಸ್ಕೂಲಿಗೆ ಹೊತ್ತಾತು."

ಕೇರಿಯ ಹೆಂಗಸರು ಒಮ್ಮೆಗೇ ಮಾತು ಶುರು ಮಾಡಿದರು. ತಾಯಿ ಮಗಳ ಕೂದಲನ್ನು ಎರಡು ಪಾಲು ಮಾಡಿ ಹೆಣೆಯತೊಡಗಿದಳು. ಹೆಣೆಯುವುದು ಮರೆತೇಹೋಗಿದೆ ಎಂದು ನಗುತ್ತ ಬಿಚ್ಚಿ, ಮತ್ತೆ ಹೆಣೆದಳು. ಸಂಯೋಜಕಿ ಜೀಪಿಗೆ ಒರಗಿ ಮುಖ ಆಚೆ ತಿರುಗಿಸಿಕೊಂಡರು. ಅವರು ಅಳುವುದನ್ನು ನಾನು ಅದೇ ಮೊದಲು ಕಂಡದ್ದು. ಎರಡು ನಿಮಿಷ ಬಿಟ್ಟು ಕಣ್ಣೊರೆಸಿ, "ಮೊಸರನ್ನ ನಮಗೂ ಐತೋ ಇಲ್ವೋ?" ಎಂದು ಕೂಗಿದರು.

ಎಲ್ಲರೂ ಒಂದೇ ಜಗಲಿಯ ಮೇಲೆ ಕೂತು ಉಂಡೆವು. ಅಂಗಡಿಯ ಯಜಮಾನಿಯೂ ಬಂದಿದ್ದರು. ಉಣ್ಣಲಿಲ್ಲ, ಆದರೆ ಅಜ್ಜಿ ಕೊಟ್ಟ ನೀರು ಕುಡಿದರು. ಅವರಿಗೆ ಅದು ದೊಡ್ಡದು, ನನಗೂ ದೊಡ್ಡದೇ.

ಜೋಗಮ್ಮ ಉಂಡು ಕೈ ತೊಳೆದು, ಮುತ್ತಿನ ಪೊಟ್ಟಣವನ್ನು ಮಡಿಲಿಗೆ ಸಿಕ್ಕಿಸಿಕೊಂಡು ನನ್ನ ಪಕ್ಕ ಬಂದು ಕೂತಳು.

"ಹೊಳಲ್ಕೆರೆ ಕಡೆ ಒಂದು ಹಳ್ಳ್ಯಾಗೆ ಇನ್ನೊಂದು ಕೂಸೈತೆ" ಎಂದಳು. "ಅಮ್ಮ ಬಂದಾಳೆ ಅಂತ ನಾನೇ ಹೇಳಿ ಬಂದೀನಿ. ನೀನೊಬ್ಬಳೇ ಹೋದ್ರೆ ಬಾಗಿಲು ತೆಗೆಯಲ್ಲ. ನಾನು ಬಂದ್ರೆ ತೆಗಿತಾರೆ. ಮಧ್ಯಾಹ್ನದ ಬಸ್ಸಿಗೆ ಹೋಗಾಣ?"

ಚೀಲದಿಂದ ಎಣ್ಣೆಯ ಬಾಟಲಿ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

"ಹೋಗಾಣ" ಎಂದೆ.